ಎತ್ತರಿಸಿದ ವಿ-ಕ್ರಾಸ್‌ಗೆ ಹೊಸ ಕಂಟ್ರೋಲ್ ಆರ್ಮ್: ಮೂರು ವರ್ಷ, 54 ಸಾವಿರ ಕಿಲೋಮೀಟರ್

ಕಲಬುರಗಿಯಲ್ಲಿ ಮನೆ, ಚಿತ್ತಾಪುರ ತಾಲ್ಲೂಕಿನಲ್ಲಿ ಹೊಲ. ಕಾಗಿಣಾ ದಂಡೆಯ ಎರೆಭೂಮಿಯಲ್ಲಿ ಮಳೆ ಬಿದ್ದರೆ ಬಂಡಿದಾರಿಯ ತುಂಬ ಆಳವಾದ ಗಾಲಿ ಜಾಡು ಬೀಳುತ್ತದೆ. ಬೇಸಿಗೆಯಲ್ಲಿ ಅದೇ ಜಾಡು ಕಲ್ಲಿನಂತೆ ಗಟ್ಟಿಯಾಗಿ ಗಾಡಿಯ ಹೊಟ್ಟೆಗೆ ತಾಗುತ್ತದೆ. ಅದಕ್ಕೆಂದೇ ನನ್ನ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್ಪನ್ನು ಎರಡು ಇಂಚು ಎತ್ತರಿಸಿದೆ. ಮುಂದೆ ಉದ್ದನೆಯ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು. ಹಿಂದೆ ಹೆಚ್ಚು ಬಾಗಿದ ಕಮಾನು ಪಟ್ಟಿ. ಮುಂದಿನ ಮೇಲಿನ ಕಂಟ್ರೋಲ್ ಆರ್ಮ್, ಅಂದರೆ ಗಾಲಿಯನ್ನು ಚಾಸಿಗೆ ಜೋಡಿಸಿ ಮೇಲೆ ಕೆಳಗೆ ಆಡಲು ಬಿಡುವ ತೋಳು, ಮಾತ್ರ ಗಾಡಿಯ ಜೊತೆ ಬಂದದ್ದೇ ಉಳಿಯಿತು. ಅಲ್ಲಿ ನಾನು ಎಡವಿದ್ದೆ, ಅದು ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಯಾದಗಿರಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ರಲ್ಲಿ ಗಂಟೆಗೆ 80 ಕಿಲೋಮೀಟರ್ ದಾಟಿದರೆ ಗಾಡಿ ನೇರವಾಗಿ ನಿಲ್ಲುತ್ತಿರಲಿಲ್ಲ. ಸಿಮೆಂಟ್ ಲಾರಿ ಪಕ್ಕದಲ್ಲಿ ಹಾದುಹೋದಾಗಲಂತೂ ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿಯಬೇಕಿತ್ತು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ಹಿಂದಿರುಗುತ್ತಿರಲಿಲ್ಲ, ನಾನೇ ಎಳೆದು ತರಬೇಕಿತ್ತು. ಹಂಪ್ ಹಾರಿ ಮುಂದಿನ ಗಾಲಿ ಪೂರ್ತಿ ಕೆಳಗಿಳಿದಾಗ 'ಟಣ್' ಎಂದು ಲೋಹಕ್ಕೆ ಲೋಹ ಬಡಿಯುವ ಸದ್ದು. ಬಗ್ಗಿ ನೋಡಿದರೆ ಮೇಲಿನ ಆರ್ಮಿನ ಒಳಬದಿಯಲ್ಲಿ ಸ್ಪ್ರಿಂಗು ಉಜ್ಜಿದ ಹೊಳೆಯುವ ಗುರುತು ಇತ್ತು.

ಇದರಲ್ಲಿ ಮೂಲ ಆರ್ಮಿನ ದೋಷವೇನೂ ಇಲ್ಲ. ಅದನ್ನು ಮಾಡಿದ್ದು ಮೂಲ ಎತ್ತರಕ್ಕೆ. ಚಾಸಿ ಮೇಲೇರಿದಾಗ ಆರ್ಮಿನ ಗಾಲಿ ಬದಿಯ ತುದಿ ಯಾವಾಗಲೂ ಕೆಳಗೆ ಜೋತು ನಿಲ್ಲುತ್ತದೆ. ಆ ತುದಿಯಲ್ಲಿರುವ ಗುಂಡಿನ ಕೀಲು, ಅಂದರೆ ಬಾಲ್ ಜಾಯಿಂಟ್, ತನ್ನ ಬಾಗುವಿಕೆಯ ಮಿತಿಗೆ ಹತ್ತಿರವಾಗುತ್ತದೆ, ಗಾಲಿ ಇನ್ನಷ್ಟು ಇಳಿಯಲು ಜಾಗ ಉಳಿಯುವುದಿಲ್ಲ. ಇದರ ಜೊತೆಗೆ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದೂ ಒಂದು ಕಾರಣವಾಗಿ ಕೈಬಿಟ್ಟರೂ ಅದು ಸ್ವಲ್ಪ ದೂರ ನೇರ ಹೋಗುತ್ತದಲ್ಲ, ಆ ಓರೆಯೇ ಕ್ಯಾಸ್ಟರ್. ಎತ್ತರಿಸಿದ ಮೇಲೆ ನನ್ನ ಗಾಡಿಯಲ್ಲಿ ಅದು ಎರಡು ಡಿಗ್ರಿಗಿಂತ ಕೆಳಗಿತ್ತು. ಗಾಲಿಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಅಂಗಡಿಯವರು ಎಷ್ಟೇ ಪ್ರಯತ್ನಿಸಿದರೂ ಮೇಲೇರಲಿಲ್ಲ.

ಕೊನೆಗೆ ಹೊರದೇಶದಲ್ಲಿ ತಯಾರಾದ ಉಕ್ಕಿನ ಕೊಳವೆಯ ಆರ್ಮುಗಳನ್ನು ತರಿಸಿದೆ. ಸುಂಕ ಸೇರಿ ಜೋಡಿಗೆ 68 ಸಾವಿರ ರೂಪಾಯಿ. ಬಾಲ್ ಜಾಯಿಂಟನ್ನು ಎತ್ತರಿಸಿದ ಗಾಡಿಗೆ ಹೊಂದುವ ಕೋನದಲ್ಲಿ, ಸ್ವಲ್ಪ ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ. ಸ್ಪ್ರಿಂಗಿನಿಂದ ದೂರವಿರುವಂತೆ ಕೊಳವೆಯನ್ನು ಬಾಗಿಸಿದ್ದಾರೆ. ಆರ್ಮು ಚಾಸಿಗೆ ಸೇರುವಲ್ಲಿ ಬೋಲ್ಟಿನ ಸುತ್ತ ಕೂರುವ ಮೆತ್ತೆಯೇ ಬುಷ್. ಪಾಲಿಯುರಥೇನ್ ಬುಷ್ ನಮ್ಮ ದೂಳಿನಲ್ಲಿ ಕಿರುಗುಟ್ಟುತ್ತದೆಂದು ರಬ್ಬರ್ ಬುಷ್‌ನವನ್ನೇ ಆರಿಸಿಕೊಂಡೆ. ಅಳವಡಿಸಿ ಅಲೈನ್‌ಮೆಂಟ್ ಮಾಡಿಸಿದಾಗ ಕ್ಯಾಸ್ಟರ್ ಮೂರೂವರೆ ಡಿಗ್ರಿ ಬಂತು. ಅಂದು ಸಂಜೆ ಜೇವರ್ಗಿವರೆಗೆ ಹೋಗಿಬಂದೆ. ತಿರುವಿನಿಂದ ಹೊರಬರುವಾಗ ಸ್ಟೇರಿಂಗ್ ಅಂಗೈಯೊಳಗೆ ತಾನಾಗಿ ಹಿಂದಿರುಗಿತು. ಎಂಟು ತಿಂಗಳ ಭುಜನೋವು ಆ ದಾರಿಯಲ್ಲೇ ಅರ್ಧ ಇಳಿಯಿತು.

ಆ ಸಂತೋಷ ಒಂಬತ್ತು ಸಾವಿರ ಕಿಲೋಮೀಟರಿನವರೆಗೆ ಮಾತ್ರ. ಬಲಗಡೆ ಮಂದವಾದ ಬಡಿತ ಶುರುವಾಯಿತು. ಬಿಚ್ಚಿಸಿ ನೋಡಿದರೆ ಬುಷ್‌ನ ರಬ್ಬರು ಒಳಗಿನ ಕೊಳವೆಯಿಂದ ಹರಿದು ಬಂದಿತ್ತು. ಎಡಗಡೆಯದೂ ಸೀಳಲು ಶುರುವಾಗಿತ್ತು. ಸಾಮಾನೇ ಕಳಪೆ ಎಂದು ಕೋಪದಿಂದ ಪತ್ರ ಬರೆಯಲು ಕೂತಿದ್ದೆ. ರಿಂಗ್ ರಸ್ತೆಯ ಹಿರಿಯ ಮಿಸ್ತ್ರಿಯೊಬ್ಬರು ಹರಿದ ತುಂಡನ್ನು ಬೆರಳಲ್ಲಿ ತಿರುವಿ ಕೇಳಿದರು: "ಸಾಹುಕಾರರೇ, ಬೋಲ್ಟ್ ಬಿಗಿಯುವಾಗ ಗಾಡಿ ನೆಲದ ಮೇಲಿತ್ತೋ, ಜಾಕಿನ ಮೇಲಿತ್ತೋ?"

ಜಾಕಿನ ಮೇಲಿತ್ತು. ನಾನೇ ನಿಂತು ನೋಡಿದ್ದೆ.

ರಬ್ಬರ್ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ, ಹಗ್ಗದಂತೆ ತಿರುಚಿಕೊಳ್ಳುತ್ತದೆ. ಗಾಲಿ ಜೋತುಬಿದ್ದಿರುವಾಗಲೇ ಬಿಗಿದುಬಿಟ್ಟರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ಅದು ಸದಾ ತಿರುಚಿಕೊಂಡೇ ಇರುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಗಾಡಿಯ ಭಾರ ಗಾಲಿಗಳ ಮೇಲೆ ಬಂದ ನಂತರವೇ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಕೊನೆಯ ಬಿಗಿತ ಕೊಡಬೇಕು. ಮೊದಲು ಅಳವಡಿಸಿದ ಗ್ಯಾರೇಜಿನವರು ಇದನ್ನು ಮಾಡಿರಲಿಲ್ಲ, ಕೇಳಿದರೆ ಒಪ್ಪಲೂ ಇಲ್ಲ. ಹೊಸ ಬುಷ್‌ಗಳನ್ನು ನನ್ನ ಖರ್ಚಿನಲ್ಲಿ ಹಾಕಿಸಿದೆ. ಅವು ಇಂದಿಗೂ ಗಟ್ಟಿಯಾಗಿವೆ. ಈ ಆರ್ಮ್ ಕೊಳ್ಳುವವರು ಬೇರೆಲ್ಲ ಮರೆತರೂ ಚಿಂತೆಯಿಲ್ಲ, ಬೋಲ್ಟ್ ಬಿಗಿಯುವ ಹೊತ್ತಿಗೆ ಮಾತ್ರ ಪಕ್ಕದಲ್ಲಿ ನಿಂತಿರಿ.

ಎರಡನೆಯ ಶತ್ರು ನಮ್ಮ ಮಣ್ಣು. ಒದ್ದೆ ಎರೆಮಣ್ಣು ಆರ್ಮಿಗೂ ಸ್ಪ್ರಿಂಗಿಗೂ ನಡುವೆ ಮೆತ್ತಿಕೊಂಡು ಎರಡೇ ದಿನದಲ್ಲಿ ಇಟ್ಟಿಗೆಯಾಗುತ್ತದೆ. ಅದು ಬಾಲ್ ಜಾಯಿಂಟಿನ ರಬ್ಬರ್ ಟೋಪಿಯನ್ನು ಉಜ್ಜಿ ಹರಿದುಹಾಕುತ್ತದೆ. ಹೊಲದಿಂದ ಬಂದ ರಾತ್ರಿಯೇ ಪೈಪ್ ಹಿಡಿದು ತೊಳೆಯುತ್ತೇನೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನಿಪ್ಪಲ್ಲಿಗೆ ಗ್ರೀಸ್ ಗನ್ ಇಟ್ಟು ಟೋಪಿ ಸ್ವಲ್ಪ ಉಬ್ಬುವಷ್ಟು ಮಾತ್ರ ತುಂಬುತ್ತೇನೆ. ಹೆಚ್ಚಾದರೆ ಟೋಪಿಯೇ ಒಡೆಯುತ್ತದೆ.

ಈ ಆರ್ಮ್ ಮಾಡದ ಕೆಲಸವೂ ಇದೆ. ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ನ ಕೋನ ಹಾಗೆಯೇ ಉಳಿಯುತ್ತದೆ, ಅದರ ರಬ್ಬರ್ ಬೂಟನ್ನು ಬೇರೆಯಾಗಿಯೇ ಗಮನಿಸಬೇಕು. ಕಾನೂನಿನ ವಿಷಯದಲ್ಲೂ ನಾನು ತಡವಾಗಿ ಎಚ್ಚೆತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿದಿದೆ. ಗಾಡಿಯನ್ನು ಎತ್ತರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಮತ್ತು ವಿಮೆಯವರಲ್ಲಿ ಲಿಖಿತವಾಗಿ ವಿಚಾರಿಸಿಕೊಳ್ಳಿ.

ಹಣ ಹೆಚ್ಚೇ, ಆದರೂ ಮತ್ತೊಮ್ಮೆ ಗಾಡಿ ಎತ್ತರಿಸಿದರೆ ಸ್ಪ್ರಿಂಗು ಮತ್ತು ಆರ್ಮನ್ನು ಒಂದೇ ದಿನ ಹಾಕಿಸುತ್ತೇನೆ. ಮೊದಲೇ ಹಾಗೆ ಮಾಡಿದ್ದರೆ ಒಂದು ಅಲೈನ್‌ಮೆಂಟಿನ ಖರ್ಚು, ಒಂದು ಜೊತೆ ಟೈರು ಉಳಿಯುತ್ತಿದ್ದವು. ಕಳೆದ ವಾರ ಗಾಲಿಯನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಎಡಗಡೆಯ ಬಾಲ್ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಡಿಲ ಕಂಡಿತು. ಬಿಡಿಭಾಗ ತರಿಸಿಟ್ಟಿದ್ದೇನೆ, ತೊಗರಿ ಬಿತ್ತನೆಗೆ ಮುಂಚೆ ಅದೇ ಮಿಸ್ತ್ರಿಯ ಕೈಯಿಂದ ಬದಲಿಸಿಕೊಳ್ಳುತ್ತೇನೆ.