ಪಿಜಿಲೋಡರ್: ಐಡಿ ಕಾಲಮ್ ತಲೆನೋವಿಗೆ ಸಿಕ್ಕ ಮದ್ದು

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋಗೋರು, ಡೇಟಾ ಸಾಗಿಸಿಕೊಡೋ ಪಿಜಿಲೋಡರ್ ಅನ್ನೋ ಈ ಟೂಲ್‌ನ ಒಂದ್ಸಲ ನೋಡಿ. ಫ್ರೀ, ಓಪನ್ ಸೋರ್ಸ್, ಕಾಮನ್ ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಬರೆದಿರೋದಂತೆ (ಯಾರಪ್ಪ ಈಗ ಲಿಸ್ಪ್ ಬರೀತಾರೆ ಅಂತ ನನಗೂ ಅನ್ನಿಸ್ತು).

ಹಿಂದಿನ ಸಲ ನಾನೇ ಡೇಟಾನ ಸಿಎಸ್‌ವಿ ಫೈಲಾಗಿ ತೆಗೆದು ಪೋಸ್ಟ್‌ಗ್ರೆಸ್‌ನ ಕಾಪಿ ಕಮಾಂಡಲ್ಲಿ ತುಂಬಿದ್ದೆ, ಡೇಟಾ ಎಲ್ಲಾ ನೀಟಾಗಿ ಬಂತು, ಖುಷಿಯಾಗಿ ಮನೆಗೆ ಹೋದೆ, ಬೆಳಿಗ್ಗೆ ಮೊದಲ ಆರ್ಡರ್ ಹಾಕಿದ ತಕ್ಷಣ ಡೂಪ್ಲಿಕೇಟ್ ಕೀ ಎರರ್, ಅಂದ್ರೆ ಈ ಐಡಿ ಆಗ್ಲೇ ಇದೆ ಅಂತ! ಯಾಕಂದ್ರೆ ಐಡಿನ ನಾವೇ ಕೊಟ್ಟು ತುಂಬಿದ್ರೆ ಸೀಕ್ವೆನ್ಸ್‌ಗೆ (ಮುಂದಿನ ಐಡಿ ಕೊಡೋ ಕೌಂಟರ್) ಅದು ಗೊತ್ತೇ ಆಗಲ್ಲ, ಅದಿನ್ನೂ 1ರಲ್ಲೇ ಕೂತಿರುತ್ತೆ. ಇನ್ನೊಂದು ಮಜಾ, ಫೇಲ್ ಆದ ಪ್ರತಿ ಇನ್ಸರ್ಟ್‌ಗೂ ಸೀಕ್ವೆನ್ಸ್ ಒಂದೊಂದೇ ಮುಂದೆ ಹೋಗುತ್ತೆ, ಹಾಗಾಗಿ ಚಿಕ್ಕ ಟೇಬಲ್‌ಗಳು ನಾಲ್ಕೈದು ಸಲ ಒದ್ದಾಡಿ ತಾನೇ ಸರಿಹೋದವು, ದೊಡ್ಡವು ಹೋಗ್ಲಿಲ್ಲ. ಕೊನೆಗೆ ಒಂದೊಂದು ಟೇಬಲ್‌ಗೂ ಮ್ಯಾಕ್ಸ್ ಐಡಿ ನೋಡಿ ಸೆಟ್‌ವ್ಯಾಲ್ ಹೊಡೆದು ಸೀಕ್ವೆನ್ಸ್‌ನ ಅಲ್ಲಿಗೆ ತಂದು ಸಾಕಾಯ್ತು.

ಪಿಜಿಲೋಡರ್ ಮೈಎಸ್‌ಕ್ಯೂಎಲ್‌ನ ಆಟೋ ಇಂಕ್ರಿಮೆಂಟ್ (ತಾನೇ ನಂಬರ್ ಏರಿಸೋ) ಕಾಲಮ್‌ನ ಪೋಸ್ಟ್‌ಗ್ರೆಸ್‌ನ ಸೀರಿಯಲ್ ಅಥವಾ ಬಿಗ್‌ಸೀರಿಯಲ್ ಮಾಡುತ್ತೆ, ಹಳೇ ಐಡಿ ಹಂಗೇ ಇರುತ್ತೆ ಅಂದ್ರೆ ಫಾರಿನ್ ಕೀ (ಒಂದು ಟೇಬಲ್‌ನಿಂದ ಇನ್ನೊಂದರ ಐಡಿಗೆ ಇರೋ ಕೊಂಡಿ) ಕೆಡಲ್ಲ, ಲೋಡ್ ಮುಗಿದ್ಮೇಲೆ ಸೀಕ್ವೆನ್ಸ್‌ನೂ ತಾನೇ ರೀಸೆಟ್ ಮಾಡುತ್ತೆ, ಇದು ಡೀಫಾಲ್ಟೇ, ನಾವೇನೂ ಹೇಳೋದು ಬೇಡ. 0000-00-00 ಅನ್ನೋ ದರಿದ್ರ ಡೇಟ್‌ಗಳನ್ನೂ ನಲ್ (ಖಾಲಿ) ಮಾಡುತ್ತೆ.

ಕೊರತೆ ಅಂದ್ರೆ ಪೋಸ್ಟ್‌ಗ್ರೆಸ್ 10ರಿಂದ ಬಂದಿರೋ ಐಡೆಂಟಿಟಿ ಕಾಲಮ್ (ಸೀರಿಯಲ್ ಬದಲಿಗೆ ಬಳಸೋದು) ಬೇಕಂದ್ರೆ ಆಮೇಲೆ ನಾವೇ ಆಲ್ಟರ್ ಮಾಡ್ಕೋಬೇಕು. ಟೇಬಲ್ ಹೆಸರೆಲ್ಲಾ ಸಣ್ಣಕ್ಷರ ಆಗುತ್ತೆ, ಬೇಡ ಅಂದ್ರೆ ಆಪ್ಷನ್ ಇದೆ. 5ಕ್ಕೆ 4 ಕೊಡ್ತೀನಿ.