ಕ್ಯೋಕುಶಿನ್ ಹೆಸರಿನಲ್ಲಿ ಬೆಲ್ಟ್ ಮಾರುತ್ತಿದ್ದಾರೆ, ವರ್ಷದ ಶುಲ್ಕ ಕಟ್ಟುವ ಮುನ್ನ ಓದಿ

ಬೆಂಗಳೂರಿನಲ್ಲಿ ಕ್ಯೋಕುಶಿನ್ ಕರಾಟೆ ಕಲಿಯಲು ಜಾಗ ಹುಡುಕುತ್ತಿರುವವರು, ಅದರಲ್ಲೂ ನನ್ನಂತೆ ನಲವತ್ತರ ಆಸುಪಾಸಿನಲ್ಲಿ ಇರುವವರು, ಇಡೀ ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟುವ ಮುನ್ನ ದಯವಿಟ್ಟು ಇದನ್ನು ಓದಿ. ನಗರದ ದಕ್ಷಿಣ ಭಾಗದ ಒಂದು ಕೇಂದ್ರಕ್ಕೆ ನಾನು 24,000 ರೂಪಾಯಿ ಕಟ್ಟಿದ್ದೇನೆ. ಸಮವಸ್ತ್ರ, ಬೆಲ್ಟ್ ಪರೀಕ್ಷೆ, ಪ್ರಮಾಣಪತ್ರ ಎಂದು ಅದರ ಮೇಲೆ ಹೋದದ್ದು ಬೇರೆ. ಕೊಟ್ಟ ಹಣಕ್ಕೆ ನನಗೆ ದಕ್ಕಿದ್ದು ಮಂಡಿನೋವು ಮತ್ತು ಹಸಿರು ಬಣ್ಣದ ಒಂದು ಪಟ್ಟಿ.

ಸುಲಭದ ಕರಾಟೆಯೇ ಸಾಕಾಗಿದ್ದರೆ ಮನೆ ಹತ್ತಿರದ ಉದ್ಯಾನದಲ್ಲಿ ಮಕ್ಕಳ ಸಾಲಿನ ಹಿಂದೆ ನಿಂತು ಕಲಿಯಬಹುದಿತ್ತು. ಕ್ಯೋಕುಶಿನ್ ಅನ್ನೇ ಆರಿಸಿಕೊಂಡದ್ದು ಅದು ನಿಜವಾಗಿ ಹೊಡೆದು, ಹೊಡೆಸಿಕೊಂಡು ಕಲಿಯುವ ಕರಾಟೆ ಎಂಬ ಕಾರಣಕ್ಕೆ. ಮಸುತಾತ್ಸು ಓಯಾಮಾ 1957ರಲ್ಲಿ ಹೆಸರಿಟ್ಟು, 1964ರಲ್ಲಿ ಟೋಕಿಯೊದಲ್ಲಿ ಪ್ರಧಾನ ಕೇಂದ್ರ ತೆರೆದು ಬೆಳೆಸಿದ ಈ ಪದ್ಧತಿಯ ಸ್ಪರ್ಧೆಯಲ್ಲಿ ಕೈಗೆ ಗ್ಲೌಸ್ ಇರುವುದಿಲ್ಲ. ಮುಷ್ಟಿಯಿಂದ ಮುಖಕ್ಕೆ ಹೊಡೆಯುವಂತಿಲ್ಲ, ಆದರೆ ಎದೆಗೆ, ಹೊಟ್ಟೆಗೆ ಪೂರ್ತಿ ಬಲದ ಗುದ್ದು, ತೊಡೆಗೆ ಒದೆ, ತಲೆಗೂ ಒದೆ, ಎಲ್ಲವೂ ಸಲ್ಲುತ್ತದೆ. ಹಾಗಾಗಿ ಕುಮಿತೆ, ಎಂದರೆ ಎದುರಾಳಿಯೊಡನೆ ಸೆಣಸಾಟ, ಇಲ್ಲದೆ ಕ್ಯೋಕುಶಿನ್ ಎಂಬುದೇ ಇಲ್ಲ. ಇದು ಆ ಕೇಂದ್ರದವರಿಗೂ ಚೆನ್ನಾಗಿ ಗೊತ್ತು; ಅವರ ಕರಪತ್ರದ ತುಂಬ ಇದ್ದದ್ದು ಓಯಾಮಾ ಹೋರಿಗಳೊಂದಿಗೆ ಸೆಣಸಿದ ಕತೆ ಮತ್ತು ಒಬ್ಬನೇ ನೂರು ಜನರನ್ನು ಒಬ್ಬರಾದ ಮೇಲೆ ಒಬ್ಬರಂತೆ ಎದುರಿಸುವ ಪರೀಕ್ಷೆಯ ವರ್ಣನೆ.

ತರಗತಿಯಲ್ಲಿ ಕುಮಿತೆ ನಡೆಯಲೇ ಇಲ್ಲ. ನಡೆದದ್ದೆಲ್ಲ ಬಸ್ಕಿ. ಬೆನ್ನ ಮೇಲೆ ಇನ್ನೊಬ್ಬರನ್ನು ಹೊತ್ತು ಬಸ್ಕಿ, ಕುಕ್ಕರಗಾಲಿನಲ್ಲಿ ಇಡೀ ಹಾಲ್ ಸುತ್ತುವುದು, ಮ್ಯಾಟ್ ಇಲ್ಲದ ಬರಿಯ ಸಿಮೆಂಟ್ ನೆಲದ ಮೇಲೆ ಬೆರಳ ಗೆಣ್ಣೂರಿ ದಂಡ. ಅದೂ ಮೊದಲ ದಿನದಿಂದಲೇ, ವಯಸ್ಸೆಷ್ಟು, ಮಂಡಿ ಹೇಗಿದೆ ಎಂದು ಒಂದು ಮಾತನ್ನೂ ಕೇಳದೆ. ಬೆವರು ಧಾರಾಕಾರ ಸುರಿಯುತ್ತದೆ, ಮರುದಿನ ಮೆಟ್ಟಿಲು ಇಳಿಯಲಾಗುವುದಿಲ್ಲ, ಹಾಗಾಗಿ ಏನೋ ದೊಡ್ಡದನ್ನೇ ಕಲಿಯುತ್ತಿದ್ದೇವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅವರ ವ್ಯಾಪಾರ ನಿಂತಿರುವುದೇ ಈ ಅನಿಸಿಕೆಯ ಮೇಲೆ. ನಮ್ಮ ಗರಡಿ ಮನೆಗಳಲ್ಲೂ ದಂಡ, ಬಸ್ಕಿ ಉಂಟು, ಆದರೆ ಮಟ್ಟಿಗೆ ಇಳಿದು ಜೋಡಿ ಹಿಡಿಯದವನನ್ನು ಅಲ್ಲಿ ಯಾರೂ ಪೈಲ್ವಾನ ಎಂದು ಕರೆಯುವುದಿಲ್ಲ. ಕುಮಿತೆ ಯಾವಾಗ ಎಂದು ಕೇಳಿದಾಗ ಬಂದ ಉತ್ತರ, "ಮೊದಲು ಮೈ ಗಟ್ಟಿಯಾಗಲಿ ಸರ್." ಮತ್ತೆ ಕೇಳಿದಾಗ, "ಹಸಿರು ಬೆಲ್ಟ್ ಆದಮೇಲೆ ಸರ್." ಕ್ಯೋಕುಶಿನ್‌ನಲ್ಲಿ ಬಿಳಿಯ ನಂತರ ಸಾಮಾನ್ಯವಾಗಿ ಕಿತ್ತಳೆ, ನೀಲಿ, ಹಳದಿ, ಆಮೇಲೆ ಹಸಿರು, ಕಂದು, ಕಪ್ಪು. ಅಂದರೆ ಮೂರು ಬಣ್ಣಗಳ ಪರೀಕ್ಷಾ ಶುಲ್ಕ ಕಟ್ಟಿ ನಾಲ್ಕನೆಯದಕ್ಕೆ ಬರುವ ತನಕ ಎದುರಾಳಿಯ ಮುಖವನ್ನೂ ನೋಡುವಂತಿಲ್ಲ. ಆದರೆ ಅವರೇ ಒಂದು ದಿನ ಕರೆದು, ನಿಮ್ಮ ಪ್ರಗತಿ ಚೆನ್ನಾಗಿದೆ, 6,500 ಕಟ್ಟಿದರೆ ಕಿತ್ತಳೆಯಿಂದ ನೇರವಾಗಿ ಹಸಿರಿಗೆ ಡಬಲ್ ಪ್ರಮೋಷನ್ ಕೊಡುತ್ತೇವೆ ಎಂದರು.

ಪರೀಕ್ಷೆ ನಡೆದದ್ದು ಬಾಡಿಗೆಗೆ ಹಿಡಿದ ಕಲ್ಯಾಣ ಮಂಟಪದಲ್ಲಿ. ಕುಟುಂಬದವರೆಲ್ಲ ಬರಬೇಕೆಂದು ಒತ್ತಾಯ ಬೇರೆ. ಗಾಳಿಗೆ ನಾಲ್ಕು ಗುದ್ದು, ಒಂದು ಕತಾ (ಎದುರಾಳಿಯಿಲ್ಲದೆ ಒಬ್ಬರೇ ಮಾಡಿ ತೋರಿಸುವ ನಿಗದಿತ ಚಲನೆಗಳ ಸರಣಿ), ಕೊನೆಗೆ ಹಲಗೆ ಒಡೆಯುವುದು. ನನ್ನ ಸರದಿ ಬಂತು, ಹೊಡೆದೆ, ಹಲಗೆ ಎರಡಾಯಿತು, ಚಪ್ಪಾಳೆ ಬಿತ್ತು. ಮಗಳು ಮೊಬೈಲಿನಲ್ಲಿ ಚಿತ್ರೀಕರಿಸಿ ಅಲ್ಲಿಂದಲೇ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಕಳಿಸಿಯೂ ಬಿಟ್ಟಳು. ಮುಂದಿನವರಿಗೆ ಜಾಗ ಮಾಡಿಕೊಡಲು ಬಗ್ಗಿ ತುಂಡುಗಳನ್ನು ಎತ್ತಿಕೊಂಡೆ. ಒಡೆದ ಅಂಚಿನ ಅರ್ಧ ದಪ್ಪದಲ್ಲಿ ಮರದ ಎಳೆಗಳು ಸೀಳಿ ನಿಂತಿದ್ದವು. ಇನ್ನರ್ಧ ಗೆರೆ ಎಳೆದಂತೆ ನುಣುಪಾಗಿತ್ತು, ಅದರ ಬಾಯಿಗೆ ಮರದ ಪುಡಿ ಕಲಸಿದ ಅಂಟು ಮೆತ್ತಲಾಗಿತ್ತು. ಹಿಂಬದಿಯಿಂದ ಗರಗಸದಲ್ಲಿ ಅರ್ಧ ಕೊಯ್ದು, ಗೊತ್ತಾಗದಂತೆ ಮುಚ್ಚಿ, ನನ್ನ ಮುಂದೆ ಹಿಡಿದಿದ್ದರು. ನೂರಾರು ಜನರ ಎದುರು ಆ ತುಂಡುಗಳನ್ನು ಹಿಡಿದು ನಿಂತಾಗ ಆದ ಅವಮಾನವನ್ನು ನಾನು ಮರೆಯಲಾರೆ. ಮಾವನವರು ಫೋನ್ ಮಾಡಿ, "ಈ ವಯಸ್ಸಿನಲ್ಲೂ ಸಾಧಿಸಿದಿರಿ ಅಳಿಯಂದಿರೇ" ಎಂದರು. ಏನು ಹೇಳಲಿ?

ಕೇಳಿದ್ದಕ್ಕೆ ಅಲ್ಲಿಯ ಮುಖ್ಯ ತರಬೇತುದಾರರು ನಗುತ್ತಲೇ ಕೊಟ್ಟ ಉತ್ತರ ಇದು: "ಹೊಸಬರ ಕೈಗೆ ಪೆಟ್ಟಾಗಬಾರದು ಅಂತ ಹಾಗೆ ಮಾಡ್ತೀವಿ ಸರ್. ನಿಮಗೆ ಆತ್ಮವಿಶ್ವಾಸ ಬಂತಾ ಇಲ್ವಾ? ಅದು ಮುಖ್ಯ." ಸಿಮೆಂಟ್ ನೆಲದ ಮೇಲೆ ಗೆಣ್ಣು ಸುಲಿಯುವಾಗ ಇಲ್ಲದ ಕಾಳಜಿ ಹಲಗೆಯ ಮುಂದೆ ಎಲ್ಲಿಂದ ಬಂತೋ! ಮೂವತ್ತೂ ದಾಟದಂತೆ ಕಾಣುವ ಇವರು ತಮ್ಮನ್ನು ಶಿಹಾನ್, ಎಂದರೆ ಹಿರಿಯ ಗುರು, ಎಂದೇ ಕರೆಸಿಕೊಳ್ಳುತ್ತಾರೆ. ಕ್ಯೋಕುಶಿನ್‌ನಲ್ಲಿ ಆ ಗೌರವ ಸಾಮಾನ್ಯವಾಗಿ ಐದನೆಯ ಡಾನ್ (ಡಾನ್ ಎಂದರೆ ಕಪ್ಪು ಬೆಲ್ಟಿನೊಳಗಿನ ದರ್ಜೆ) ಮತ್ತು ಅದಕ್ಕೂ ಮೇಲಿನವರಿಗೆ ಸಲ್ಲುವಂಥದ್ದು, ಅಲ್ಲಿಗೆ ತಲುಪಲು ದಶಕಗಳೇ ಬೇಕಾಗುತ್ತವೆ. ನಿಮ್ಮ ಡಾನ್ ಪ್ರಮಾಣಪತ್ರ ಕೊಟ್ಟವರು ಯಾರು ಎಂದು ಕೇಳಿದೆ. "ಓಯಾಮಾ ತೀರಿಕೊಂಡ ಮೇಲೆ ಎಲ್ಲರೂ ಬೇರೆ ಬೇರೆ ಆದರು ಸರ್, ನಮ್ಮದೂ ಹಾಗೇ ಒಂದು" ಎಂದರು. 1994ರಲ್ಲಿ ಓಯಾಮಾ ತೀರಿಕೊಂಡ ನಂತರ ಸಂಸ್ಥೆ ಹಲವು ಬಣಗಳಾಗಿ ಒಡೆದದ್ದು ನಿಜ. ಆ ಬಣಗಳಿಗೂ ಪ್ರಧಾನ ಕಚೇರಿಗಳಿವೆ, ದೇಶವಾರು ಪ್ರತಿನಿಧಿಗಳಿದ್ದಾರೆ. ಇವರ ಪ್ರಮಾಣಪತ್ರದಲ್ಲಿ ಅಂತಾರಾಷ್ಟ್ರೀಯ ಎಂಬ ಪದ ದೊಡ್ಡದಾಗಿದೆ, ವಿಳಾಸ ಮಾತ್ರ ಎಲ್ಲಿಯೂ ಇಲ್ಲ. ಇನ್ನೂ ಒತ್ತಾಯಿಸಿದಾಗ, "ಪ್ರಶ್ನೆ ಕೇಳುವವರು ಕಲಿಯೋದಿಲ್ಲ ಸರ್, ಶಿಸ್ತು ಮೊದಲು" ಎಂದರು. ಶಿಸ್ತು! ಹಲಗೆ ಕೊಯ್ದವರ ಬಾಯಲ್ಲಿ!

ಉಳಿದ ತಿಂಗಳುಗಳ ಹಣ ಹಿಂದಿರುಗಿಸಿ ಎಂದದ್ದಕ್ಕೆ, ಕಟ್ಟಿದ ಹಣ ವಾಪಸಿಲ್ಲ ಎಂದು ರಸೀದಿಯ ಹಿಂಬದಿಯಲ್ಲಿ ಮುದ್ರಿಸಿದ್ದೇವೆ, ನೋಡಿಕೊಳ್ಳಿ ಎಂಬ ಸಂದೇಶ ಬಂತು, ಅದರ ಬೆನ್ನಿಗೇ ನನ್ನ ನಂಬರ್ ಬ್ಲಾಕ್ ಆಯಿತು. ಹಾಗೆ ಅಚ್ಚು ಹಾಕಿದ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊರತೆಯ ಸೇವೆಯನ್ನು ನಿಲ್ಲಿಸಿ ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಸಿದ್ಧವಾಗುತ್ತಿದೆ. ಅದಕ್ಕಾಗಿಯೇ ಇಲ್ಲಿ ಕೇಂದ್ರದ ಹೆಸರು ಬರೆದಿಲ್ಲ.

ನೀವು ಎಲ್ಲಿಯೇ ಸೇರುವುದಿದ್ದರೂ ಹಿರಿಯ ಬೆಲ್ಟಿನವರ ಕುಮಿತೆ ನಡೆಯುವ ದಿನ ಹೋಗಿ ಕುಳಿತು ನೋಡಿ. ಅಂಥ ದಿನವೇ ಇಲ್ಲ ಎಂದರೆ ಅಲ್ಲಿಂದಲೇ ಎದ್ದು ಬನ್ನಿ. ತರಬೇತುದಾರರಿಗೆ ಡಾನ್ ಕೊಟ್ಟ ಸಂಸ್ಥೆಗೆ ನೀವೇ ಮಿಂಚಂಚೆ ಬರೆದು ವಿಚಾರಿಸಿ. ತಿಂಗಳಿಗೆ ತಿಂಗಳ ಶುಲ್ಕ ಬಿಟ್ಟು ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ, ಎಷ್ಟೇ ರಿಯಾಯಿತಿ ತೋರಿಸಲಿ. ಆ ಮಂಟಪದಲ್ಲಿ ನನ್ನೊಡನೆ ಪರೀಕ್ಷೆಗೆ ನಿಂತವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಹಲಗೆಯ ಅಂಚನ್ನು ಒಮ್ಮೆ ನೋಡಿ, ರಸೀದಿಯನ್ನು ಎಸೆಯದೆ ಇಟ್ಟುಕೊಳ್ಳಿ ಮತ್ತು ನನಗೆ ಸಂದೇಶ ಕಳಿಸಿ. ದೂರಿನಲ್ಲಿ ನಿಮ್ಮ ಹೆಸರನ್ನೂ ಸೇರಿಸಲು ಇನ್ನೂ ಸಮಯವಿದೆ.