ಪೋಲ್ಯೋಟ್ ಅಲಾರಂ ವಾಚು: ಶುರು ಮಾಡುವವರು ಮೊದಲು ಇದನ್ನೇ ಕೊಳ್ಳಿ

ಕೀ ಕೊಡುವ ಅಲಾರಂ ಕೈಗಡಿಯಾರಗಳನ್ನು ಸಂಗ್ರಹಿಸಬೇಕು ಅಂತ ಆಸೆಪಡುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಯಾವುದರಿಂದ ಶುರು ಮಾಡಲಿ? ನನ್ನ ಉತ್ತರವೂ ಒಂದೇ. ಸೋವಿಯತ್ ಕಾಲದ ಪೋಲ್ಯೋಟ್ ಬ್ರಾಂಡಿನ ವಾಚು ತಗೊಳ್ಳಿ, ಒಳಗೆ 2612 ಅನ್ನುವ ನಂಬರಿನ ಮಷೀನು ಇರುವುದು. ದೊಡ್ಡ ಹೆಸರುಗಳೆಲ್ಲ ಆಮೇಲೆ.

ನನ್ನ ಹತ್ತಿರ ಇರುವುದು ಕ್ರೋಮ್ ಕೇಸಿನ, ಸ್ಟೀಲ್ ಬ್ಯಾಕಿನ, ಬಿಳಿ ಡಯಲಿನ ವಾಚು. ಬೆಂಗಳೂರಿನ ಒಬ್ಬ ಸಂಗ್ರಾಹಕರಿಂದ 8,500 ರೂಪಾಯಿಗೆ ಕೊಂಡೆ. ಬಲಗಡೆ ಎರಡು ಕ್ರೌನು, ಅಂದರೆ ಕೀ ಕೊಡುವ ಗುಂಡಿ. 2 ಗಂಟೆಯ ಪಕ್ಕದ್ದು ಅಲಾರಂಗೆ, 4 ಗಂಟೆಯ ಪಕ್ಕದ್ದು ಸಮಯಕ್ಕೆ. ಡಯಲಿನ ಮೇಲೆ ನಾಲ್ಕು ಮುಳ್ಳು. ಗಂಟೆ, ನಿಮಿಷ, ಸೆಕೆಂಡು, ಮತ್ತೆ ಅಲಾರಂ ಮುಳ್ಳು. ನಮ್ಮ ತುಮಕೂರಿನಲ್ಲಿ ಎಚ್‌ಎಂಟಿ ಕಟ್ಟಿಕೊಂಡೇ ಬೆಳೆದವರು ಬೇಕಾದಷ್ಟು ಜನ. ಅವರೂ ಎರಡು ಕ್ರೌನು ನೋಡಿ "ಇದೇನು, ಸ್ಟಾಪ್‌ವಾಚಾ?" ಅನ್ನುತ್ತಾರೆ. ಬಾರಿಸಿ ತೋರಿಸಿದರೆ ಕೈಯಿಂದ ಬಿಡುವುದೇ ಇಲ್ಲ.

ಒಳಗೆ ಸ್ಪ್ರಿಂಗೂ ಎರಡು. ಒಂದು ಸಮಯ ನಡೆಸುತ್ತದೆ, ಇನ್ನೊಂದು ಬರೀ ಗಂಟೆ ಬಾರಿಸುವುದಕ್ಕೆ. ಎರಡಕ್ಕೂ ಬೇರೆ ಬೇರೆ ಕೀ ಕೊಡಬೇಕು. ಅಲಾರಂ ಮುಳ್ಳಿನ ಕೆಳಗಿನ ಚಕ್ರದಲ್ಲಿ ಒಂದು ಕಚ್ಚು ಇರುತ್ತದೆ. ಗಂಟೆ ಮುಳ್ಳಿನ ಚಕ್ರ ಸುತ್ತುತ್ತಾ ಆ ಕಚ್ಚಿಗೆ ಸರಿಯಾಗಿ ಬಂದಾಗ ಎರಡೂ ಒಂದರೊಳಗೊಂದು ಕೂರುತ್ತವೆ. ಆ ಕೂದಲೆಳೆಯಷ್ಟು ಜಾಗ ಬದಲಾದದ್ದೇ ಸಾಕು, ಸುತ್ತಿಗೆಯನ್ನು ಹಿಡಿದಿದ್ದ ಸನ್ನೆ ಬಿಟ್ಟುಕೊಡುತ್ತದೆ. ಬ್ಯಾಕಿನ, ಅಂದರೆ ಹಿಂದಿನ ಮುಚ್ಚಳದ, ಒಳಮೈಯಲ್ಲಿ ಒಂದು ಪುಟ್ಟ ಗೂಟ ಇದೆ. ಸುತ್ತಿಗೆ ಬಡಿಯುವುದು ಅದಕ್ಕೆ. ಅಂದರೆ ಶಬ್ದ ಮಾಡುವುದು ವಾಚಿನ ಬೆನ್ನೇ. ಹತ್ತು ಹದಿನೈದು ಸೆಕೆಂಡು ಬಡಿಯುತ್ತದೆ. ಮೇಲಿನ ಕ್ರೌನನ್ನು ಎಳೆದಿಟ್ಟರೆ ಮಾತ್ರ ಅಲಾರಂ ಬಾರಿಸುತ್ತದೆ, ಒತ್ತಿದರೆ ಸುಮ್ಮನಾಗುತ್ತದೆ.

ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಇದೆ. ಈ ಮಷೀನು ಮಾಸ್ಕೋದಲ್ಲಿ ತಯಾರಾದದ್ದು, ಆದರೆ ಮೂಲ ಸ್ವಿಟ್ಜರ್ಲೆಂಡಿನದು. ಗ್ರೆಂಚೆನ್ ಊರಿನ ಎ. ಶಿಲ್ಡ್ ಕಂಪನಿ 1954ರಲ್ಲಿ ಎಎಸ್ 1475 ಅನ್ನುವ ಅಲಾರಂ ಮಷೀನು ತಂದಿತು. ಶಿಲ್ಡ್‌ನವರು ಮಷೀನು ಮಾಡಿ ಬೇರೆ ಕಂಪನಿಗಳಿಗೆ ಮಾರುತ್ತಿದ್ದರು. ಕೊಂಡವರು ತಮ್ಮ ಕೇಸು, ತಮ್ಮ ಡಯಲು, ತಮ್ಮ ಹೆಸರು ಹಾಕಿ ಮಾರುತ್ತಿದ್ದರು. ಹೆಸರೇ ಕೇಳಿರದ ಸಣ್ಣ ಬ್ರಾಂಡುಗಳ ಅಲಾರಂ ವಾಚಿನಲ್ಲೂ ಇದೇ ಮಷೀನು. 1957ರ ಟ್ಯೂಡರ್ ಅಡ್ವೈಸರ್‌ನಲ್ಲೂ ಇದೇ. ಪೋಲ್ಯೋಟ್ 2612 ಅದೇ ವಿನ್ಯಾಸವನ್ನು ಹಿಡಿದು ಮಾಡಿದ ಮಷೀನು. ಸ್ವಿಸ್ ಮೂಲದಲ್ಲಿ 17 ಜ್ಯೂಯೆಲ್ (ಚಕ್ರಗಳು ಸವೆಯದಂತೆ ಕೂರಿಸುವ ಪುಟ್ಟ ಹರಳು), ಇದರಲ್ಲಿ 18. ಎರಡೂ ಗಂಟೆಗೆ 18,000 ಸಲ ಮಿಡಿಯುತ್ತವೆ. ಒಂದು ಪೋಲ್ಯೋಟನ್ನು ಬಿಚ್ಚಿ ನೋಡಿದವರಿಗೆ ಇನ್ನೊಬ್ಬರ ಕೈಯಲ್ಲಿರುವ ಟ್ಯೂಡರ್ ಕೂಡ ಅರ್ಥವಾಗುತ್ತದೆ. ಪೋಲ್ಯೋಟಿನ ಬೆಲೆ ಮಾತ್ರ ಟ್ಯೂಡರ್ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

2612 ಅನ್ನುವ ಸಂಖ್ಯೆ ನನಗೆ ತುಂಬಾ ಇಷ್ಟ. ಸೋವಿಯತ್ ಕಾರ್ಖಾನೆಗಳು ಮಷೀನಿಗೆ ಸುಮ್ನೆ ನಂಬರ್ ಕೊಡುತ್ತಿರಲಿಲ್ಲ. ಮೊದಲ ಎರಡು ಅಂಕೆ ಮಷೀನಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಇಲ್ಲಿ 26. ಕೊನೆಯ ಎರಡು ಅಂಕೆ ಅದು ಏನೇನು ಮಾಡುತ್ತದೆ ಅಂತ ಹೇಳುತ್ತದೆ. 12 ಅಂದರೆ ಅಲಾರಂ. ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಪುಸ್ತಕದ ಬೆನ್ನಿನ ನಂಬರ್ ನೋಡಿಯೇ ಒಳಗೇನಿದೆ ಅಂತ ಹೇಳುವುದು ನಮ್ಮ ಕೆಲಸ. ಹಾಗೆ ಓದಿಸಿಕೊಳ್ಳುವ ವಾಚು ಸಿಕ್ಕಿದ್ದೇ ನನಗೆ ದೊಡ್ಡ ಖುಷಿ.

ಅಲಾರಂ ಕೈಗಡಿಯಾರದ ಕಥೆಯಲ್ಲಿ ಪೋಲ್ಯೋಟ್ ಮೊದಲನೆಯದಲ್ಲ. ಎಟರ್ನಾ 1908ರಲ್ಲೇ ಪೇಟೆಂಟ್ ಪಡೆದು 1914ರಲ್ಲಿ ವಾಚು ತೋರಿಸಿತ್ತು. ಆದರೆ ಮಲಗಿದವರನ್ನು ಎಬ್ಬಿಸುವಷ್ಟು ಜೋರಾಗಿ ಬಾರಿಸಿದ್ದು 1947ರ ವಲ್ಕೇನ್ ಕ್ರಿಕೆಟ್. ಅಷ್ಟು ಚಿಕ್ಕ ವಾಚಿನಲ್ಲಿ ದೊಡ್ಡ ಶಬ್ದ ಬರುವುದಿಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದಾಗ, ಜೀರುಂಡೆ ಅಷ್ಟು ದೂರ ಕೇಳುತ್ತದಲ್ಲ ಅಂತ ದಾರಿ ತೋರಿಸಿದವರು ಭೌತವಿಜ್ಞಾನಿ ಪಾಲ್ ಲಾಂಜೆವಿನ್. ಅದಕ್ಕೇ ಆ ವಾಚಿಗೆ ಕ್ರಿಕೆಟ್, ಅಂದರೆ ಇಂಗ್ಲಿಷಿನಲ್ಲಿ ಜೀರುಂಡೆ, ಅನ್ನುವ ಹೆಸರು. ಒಳಗೊಂದು ತೆಳು ಪೊರೆ, ಹೊರಗೆ ತೂತುಗಳಿರುವ ಇನ್ನೊಂದು ಬ್ಯಾಕು. ಅಮೆರಿಕದ ಅಧ್ಯಕ್ಷರಾದ ಟ್ರೂಮನ್, ಐಸೆನ್‌ಹೋವರ್, ಜಾನ್ಸನ್, ನಿಕ್ಸನ್ ಕಟ್ಟಿದ ವಾಚು ಅದು. 1950ರಲ್ಲಿ ಜೇಜರ್ ಲೆಕುಲ್ತ್ರ್ ಮೆಮೊವಾಕ್ಸ್ ಬಂತು. 1956ರಲ್ಲಿ ಅದರ ಆಟೊಮ್ಯಾಟಿಕ್. ಜಪಾನಿನಲ್ಲಿ ಮೊದಲು ಮಾಡಿದ್ದು ಸಿಟಿಜನ್, 1958ರಲ್ಲಿ. ಕ್ರಿಕೆಟ್ ಒಂದನ್ನು ಬೆಂಗಳೂರಿನ ಅದೇ ಸಂಗ್ರಾಹಕರ ಮನೆಯಲ್ಲಿ ಕೇಳಿದ್ದೇನೆ. ಶಬ್ದದಲ್ಲಿ ಪೋಲ್ಯೋಟ್ ಅದಕ್ಕೆ ಸಮ ಅಲ್ಲ, ಇದನ್ನು ಒಪ್ಪಲೇಬೇಕು.

ಈಗ ಬಳಕೆಯ ಮಾತು. ನಮ್ಮತ್ತೆಗೆ ರಾತ್ರಿ ಎಂಟಕ್ಕೆ ಮಾತ್ರೆ ಕೊಡಬೇಕು. ಅದಕ್ಕೆ ಈ ವಾಚನ್ನೇ ಇಟ್ಟಿದ್ದೇನೆ. ಕೈಯಲ್ಲಿದ್ದರೆ ಶಬ್ದಕ್ಕಿಂತ ನಡುಕ ಜಾಸ್ತಿ, ಮಣಿಕಟ್ಟಿಗೆ ಗೊತ್ತಾಗುತ್ತದೆ. ಪಕ್ಕದವರಿಗೆ ಅಷ್ಟೇನೂ ಕೇಳುವುದಿಲ್ಲ. ಮೀಟಿಂಗಿನಲ್ಲಿ ಕೂತಾಗ ಇದೇ ಒಳ್ಳೆಯದು ಅಲ್ವಾ. ಬಿಚ್ಚಿ ಸ್ಟೀಲ್ ತಟ್ಟೆಯ ಮೇಲೆ ಇಟ್ಟರೆ ಕಥೆಯೇ ಬೇರೆ. ಮೊದಲ ಸಲ ಹಾಗೆ ಬಾರಿಸಿದಾಗ ಅತ್ತೆ ಒಳಗಿನಿಂದ "ಏನಮ್ಮಾ ಅದು, ಮಿಕ್ಸಿ ಆಫ್ ಮಾಡಿಲ್ವಾ?" ಅಂದರು. ಈಗ ಅದೇ ಸದ್ದಿಗೆ ನೀರಿನ ಲೋಟ ಹಿಡಿದು ತಾವೇ ಬರುತ್ತಾರೆ. ಬೆಳಗಿನ ಬೆಂಗಳೂರು ರೈಲಿಗೆ ಏಳಬೇಕಾದಾಗಲೂ ತಟ್ಟೆಯ ಮೇಲೆಯೇ ಇಡುತ್ತೇನೆ.

ನಿಮಿಷದ ಲೆಕ್ಕದಲ್ಲಿ ಬಾರಿಸಲಿ ಅಂತ ಮಾತ್ರ ನಿರೀಕ್ಷಿಸಬೇಡಿ. ಅಲಾರಂ ಮುಳ್ಳಿಗೆ ಇಡೀ ಡಯಲು 12 ಗಂಟೆ. ಹಾಗಾದರೆ ಒಂದು ಗಂಟೆಗೆ 30 ಡಿಗ್ರಿ, ಒಂದು ನಿಮಿಷಕ್ಕೆ ಅರ್ಧ ಡಿಗ್ರಿ. ಅಷ್ಟು ಸಣ್ಣ ಜಾಗದಲ್ಲಿ ಮುಳ್ಳನ್ನು ಕಣ್ಣಳತೆಯಲ್ಲಿ ಇಡುವಾಗ ನಾಲ್ಕೈದು ನಿಮಿಷ ಹಿಂದೆ ಮುಂದೆ ಆಗುವುದು ಈ ಜಾತಿಯ ವಾಚುಗಳಿಗೆಲ್ಲ ಸಹಜ. ಮಾತ್ರೆಗೆ ಸಾಕು. ರೈಲಿಗೆ ಹತ್ತು ನಿಮಿಷ ಮುಂಚೆಗೆ ಇಡಿ. ಇನ್ನೊಂದು ವಿಷಯ. ಮುಳ್ಳನ್ನು ಯಾವಾಗಲೂ ಎಡಕ್ಕೆ, ಅಂದರೆ ಗಡಿಯಾರ ಸುತ್ತುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಬೇಕು. ಅಲಾರಂ ಚಕ್ರದ ಆ ಕಚ್ಚಿನ ಒಂದು ಬದಿ ಇಳಿಜಾರು, ಇನ್ನೊಂದು ಬದಿ ಕಡಿದಾದದ್ದು. ಉಲ್ಟಾ ತಿರುಗಿಸಿದರೆ ಕಡಿದಾದ ಬದಿಗೆ ಒತ್ತಡ ಬಿದ್ದು ಸವೆಯುತ್ತದೆ.

ಸರ್ವಿಸಿಗೆ ಎಂ.ಜಿ. ರಸ್ತೆ ಕಡೆಯ ಒಂದು ಪುಟ್ಟ ಅಂಗಡಿಗೆ ಕೊಟ್ಟೆ. ಅಲ್ಲಿನವರು ಎಚ್‌ಎಂಟಿಯಲ್ಲಿ ಕೆಲಸ ಮಾಡಿದವರು. ನಮ್ಮೂರಿನ ಕಾರ್ಖಾನೆ ಮುಚ್ಚಿತು, ಜಾಗ ಇಸ್ರೋಗೆ ಹೋಯಿತು. ಕೆಲಸ ಕಲಿತ ಕೈಗಳು ಇನ್ನೂ ಇಲ್ಲೇ ಇವೆ. ಅದು ತುಮಕೂರಿನ ಪುಣ್ಯ ಅಂತಲೇ ನಾನು ಅಂದುಕೊಂಡಿದ್ದೇನೆ. ಅವರು ಲೂಪ್ (ಪುಟ್ಟ ಭೂತಗನ್ನಡಿ) ಕಣ್ಣಿಗೆ ಸಿಕ್ಕಿಸಿಕೊಂಡು ತುಂಬಾ ಹೊತ್ತು ನೋಡಿದರು. "ಮೇಡಂ, ಟೈಮ್ ಕಡೆ ಮಾತ್ರ ಆಯಿಲಿಂಗ್ ಮಾಡಿ ಕೊಡೋದಾದ್ರೆ ಬೇಗ ಆಗುತ್ತೆ. ಆದ್ರೆ ಗಂಟೆ ಕಡೇದೂ ಬಿಚ್ಚಲೇಬೇಕು. ಅಲ್ಲಿ ಹಳೇ ಎಣ್ಣೆ ಗಟ್ಟಿಯಾಗಿದೆ, ಸುತ್ತಿಗೆ ಅರ್ಧಕ್ಕೇ ನಿಲ್ತಿದೆ" ಅಂದರು. ಎರಡೂ ಕಡೆ ಬಿಚ್ಚಿಸಿದೆ. 1,200 ರೂಪಾಯಿ ತಗೊಂಡರು. ಬಿಚ್ಚಿದ ಭಾಗಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಜೋಡಿಸಿ ನನಗೆ ಫೋಟೊ ತೆಗೆಯಲು ಬಿಟ್ಟರು. ಆ ತಾಳ್ಮೆಗೆ ಬೆಲೆ ಕಟ್ಟುವುದಕ್ಕೆ ಆಗುವುದಿಲ್ಲ. ಅಲಾರಂ ವಾಚನ್ನು ರಿಪೇರಿಗೆ ಕೊಡುವವರು ಎರಡೂ ಕಡೆ ಸರ್ವಿಸ್ ಅಂತ ಬಾಯಿಬಿಟ್ಟು ಹೇಳಿಯೇ ಕೊಡಿ.

ಆ ಫೋಟೊಗಳು ನನ್ನ ಪಟ್ಟಿಗೆ ಬೇಕಿದ್ದವು. ಲೈಬ್ರರಿಯಲ್ಲಿ ಪುಸ್ತಕ ಬಂದ ಕೂಡಲೇ ಆಕ್ಸೆಷನ್ ರಿಜಿಸ್ಟರಿನಲ್ಲಿ ಏರಿಸುವ ಹಾಗೆ ಪ್ರತಿ ವಾಚಿಗೂ ಒಂದು ನಂಬರ್, ಒಂದು ಕಾರ್ಡು. ಸಂಗ್ರಾಹಕರ ಪಟ್ಟಿಗಳನ್ನು ನೋಡಿದರೆ ಹೆಚ್ಚಿನವು ಡಯಲಿನ ಮೇಲಿನ ಹೆಸರಿನ ಪ್ರಕಾರ ಇರುತ್ತವೆ. ನನ್ನದು ಮಷೀನಿನ ಪ್ರಕಾರ. ಹೆಸರಿನ ಪ್ರಕಾರ ಇಟ್ಟರೆ ಟ್ಯೂಡರ್ ಒಂದು ಕಡೆ, ಅನಾಮಧೇಯ ಸ್ವಿಸ್ ವಾಚು ಇನ್ನೊಂದು ಕಡೆ, ಪೋಲ್ಯೋಟ್ ಮತ್ತೊಂದು ಕಡೆ ಚದುರುತ್ತವೆ. ಮಷೀನಿನ ಪ್ರಕಾರ ಇಟ್ಟರೆ ಮೂರೂ ಅಕ್ಕಪಕ್ಕ ಬಂದು ಕೂರುತ್ತವೆ. ಬ್ರಿಟನ್ನಿನಲ್ಲಿ ಸೆಕೊಂಡಾ ಹೆಸರಿನಲ್ಲಿ ಮಾರಾಟವಾದದ್ದೂ ಇದೇ ಪೋಲ್ಯೋಟ್. ಹೆಸರು ನಂಬಿದರೆ ಅದು ಬೇರೆ ದೇಶದ ವಾಚು ಅನ್ನಿಸುತ್ತದೆ. ಡಯಲು ಬದಲಾಗುತ್ತದೆ, ಕೇಸು ಬದಲಾಗುತ್ತದೆ. ಮಷೀನಿನ ಮೇಲೆ ಒತ್ತಿದ ಅಂಕೆ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಎಎಸ್ 1475ರಲ್ಲಿ ಆ ಗುರುತು ಬ್ಯಾಲೆನ್ಸ್ ಚಕ್ರದ (ಹಿಂದೆ ಮುಂದೆ ಆಡುತ್ತಾ ಮಿಡಿಯುವ ಚಕ್ರ) ಹತ್ತಿರ ಸಣ್ಣದಾಗಿರುತ್ತದೆ. ವಾಚು ನಿಲ್ಲಿಸಿ, ಬೆಳಕು ಓರೆಯಾಗಿ ಬಿಟ್ಟು ನೋಡಬೇಕು.

ವರ್ಷ ಹಿಡಿಯುವುದರಲ್ಲಿ ಮಾತ್ರ ಪೋಲ್ಯೋಟ್ ಕಷ್ಟ ಕೊಡುತ್ತದೆ. ಇಲ್ಲಿ ಸೀಕೋ ಬೆಲ್‌ಮ್ಯಾಟಿಕ್ ಎಷ್ಟೋ ವಾಸಿ. 1966ರಿಂದ ಬಂದ 4006 ಮಷೀನಿನ ವಾಚು ಅದು. ಬ್ಯಾಕಿನ ಸೀರಿಯಲ್ ನಂಬರಿನ ಮೊದಲ ಅಂಕೆ ವರ್ಷ, ಎರಡನೆಯದು ತಿಂಗಳು. 9ರಿಂದ ಶುರುವಾದರೆ 1969. 6, 7 ಬಂದರೆ ಅದು 60ರ ದಶಕವೋ 70ರ ದಶಕವೋ ಅಂತ ಕೇಸಿನ ಆಕಾರ, ಡಯಲಿನ ಬರಹ ನೋಡಿ ತೀರ್ಮಾನಿಸಬೇಕು. ಬೆಲ್‌ಮ್ಯಾಟಿಕ್ ಆಟೊಮ್ಯಾಟಿಕ್. ಕೈ ಆಡಿಸಿದರೆ ಸಮಯದ ಸ್ಪ್ರಿಂಗ್ ತಾನೇ ಸುತ್ತಿಕೊಳ್ಳುತ್ತದೆ, ಅಲಾರಂಗೆ ಮಾತ್ರ ಕೀ ಕೊಡಬೇಕು. ದಿನ, ತಾರೀಖು ಎರಡೂ ಇವೆ. ಅಲಾರಂಗೆ ಮುಳ್ಳಿನ ಬದಲು ಒಳಗಿನ ಉಂಗುರ ತಿರುಗುತ್ತದೆ. ದಿನಾ ಕಟ್ಟಲು ಅದು ಹೆಚ್ಚು ಅನುಕೂಲ. ಕಲಿಯಲು ಪೋಲ್ಯೋಟೇ ಸರಿ, ಯಾಕೆಂದರೆ ಕೈ ಆಡಿದಾಗ ಸುತ್ತಿ ಸ್ಪ್ರಿಂಗಿಗೆ ಕೀ ಕೊಡುವ ರೋಟರ್ ಅಡ್ಡ ಇಲ್ಲ. ಬ್ಯಾಕು ತೆಗೆದರೆ ಎಲ್ಲ ಕಣ್ಣೆದುರಿಗೇ ಇರುತ್ತದೆ.

ಪೋಲ್ಯೋಟಿನ ಕಾಲ ಅಂದಾಜು ಮಾಡಲು ನಾನು ಡಯಲಿನ ಕೆಳ ಅಂಚನ್ನು ನೋಡುತ್ತೇನೆ. ಅಲ್ಲಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದದ್ದು ಅಂತ ಇದ್ದರೆ 1991ಕ್ಕೆ ಮುಂಚಿನ ಡಯಲು. ರಷ್ಯಾ ಅಂತ ಇದ್ದರೆ ಆಮೇಲಿನದು. ರಷ್ಯನ್ ಅಕ್ಷರದಲ್ಲಿದ್ದರೆ ಅಲ್ಲಿಯ ಜನರಿಗೆ ಮಾರಿದ್ದು, ಇಂಗ್ಲಿಷಿನಲ್ಲಿದ್ದರೆ ಹೊರದೇಶಕ್ಕೆ ಕಳಿಸಿದ್ದು. ಕಾರ್ಡಿನಲ್ಲಿ ಡಯಲಿನ ಕಾಲ, ಮಷೀನಿನ ಕಾಲ ಅಂತ ಎರಡು ಬೇರೆ ಸಾಲು ಇಟ್ಟಿದ್ದೇನೆ. ಹಳೆಯ ವಾಚಿನಲ್ಲಿ ಇವೆರಡೂ ಒಂದೇ ಆಗಿರಬೇಕು ಅಂತೇನಿಲ್ಲ. ಒಬ್ಬ ವ್ಯಾಪಾರಿ ನನಗೆ ಹೊಸದಾಗಿ ಬಣ್ಣ ಬಳಿದ ಡಯಲಿನ ವಾಚನ್ನು ಒರಿಜಿನಲ್ ಅಂತ ಮಾರಲು ನೋಡಿದ್ದರು. ಅಕ್ಷರಗಳ ಅಂಚು ದಪ್ಪ, ಕೆಳಗಿನ ಸಾಲು ಇಲ್ಲವೇ ಇಲ್ಲ. ಅಲಾರಂ ಮುಳ್ಳೂ ಬೇರೆ ವಾಚಿನದು. ಮಷೀನು ಚೆನ್ನಾಗಿಯೇ ಇತ್ತು, ಅದಕ್ಕೆ ಬೇಜಾರಾಯಿತು. ಹಾಗಿದ್ದರೂ ಕಡಿಮೆ ಬೆಲೆಗೆ ಸಿಕ್ಕರೆ, ಬಣ್ಣ ಬಳಿದದ್ದು ಅಂತ ಕಾರ್ಡಿನಲ್ಲಿ ಬರೆದು ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಕೊಳ್ಳುವವರು ಮಾರುವವರನ್ನು ಮೂರು ವಿಡಿಯೋ ಕೇಳಿ. ಅಲಾರಂ ಸ್ಪ್ರಿಂಗಿಗೆ ಪೂರ್ತಿ ಕೀ ಕೊಟ್ಟು, ಸಮಯದ ಮುಳ್ಳನ್ನು ಮುಂದಕ್ಕೆ ತಿರುಗಿಸಿ, ತಾನಾಗಿಯೇ ಬಾರಿಸುವುದನ್ನು ತೋರಿಸಬೇಕು. ಬಾರಿಸುವಾಗ ಮೇಲಿನ ಕ್ರೌನು ಒತ್ತಿದ ತಕ್ಷಣ ನಿಲ್ಲಬೇಕು. ಬ್ಯಾಕು ತೆಗೆದು, ಒಳಮೈಯ ಗೂಟ ನೆಟ್ಟಗೆ ಇದೆ ಅಂತ ತೋರಿಸಬೇಕು. ಬೇರೆ ವಾಚಿನ ಬ್ಯಾಕು ಹಾಕಿದ್ದರೆ ಗೂಟವೇ ಇರುವುದಿಲ್ಲ. ಆಗ ಸುತ್ತಿಗೆ ಗಾಳಿಗೆ ಬೀಸುತ್ತದೆ, ಸದ್ದು ಬರುವುದಿಲ್ಲ. ಎರಡು ಕ್ರೌನೂ ಮೂಲದ್ದೇ ಇದ್ದರೆ ಇನ್ನೂ ಐನೂರು ರೂಪಾಯಿ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಒಂದು ಹೋದರೆ ಜೋಡಿ ಹುಡುಕುವುದು ಬಹಳ ಕಷ್ಟ.